ಇಪ್ಪತ್ತನೆಯ ಬೀಜ

ಚಾಕುವಿನ ತುದಿಯಿಂದ ಇಯೊನಿ ಬೀಜಗಳನ್ನು ಒಂದೊಂದಾಗಿ ತಟ್ಟೆಯ ಈ ಬದಿಯಿಂದ ಆ ಬದಿಗೆ ತಳ್ಳಿದಳು. ಹದಿನೆಂಟು. ಹತ್ತೊಂಬತ್ತು. ಇಪ್ಪತ್ತು.

ಆ ಬದಿಯಿಂದ ಈ ಬದಿಗೆ ತಳ್ಳಿದಳು. ಇಪ್ಪತ್ತು.

ಒಂಬತ್ತು ದಿನಗಳ ಹಿಂದೆ ಅವಳು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟದ್ದು ಹತ್ತೊಂಬತ್ತು ಗಾಂಜಾ ಬೀಜಗಳನ್ನು. ಬೀಜ ಕೊಳೆಯಬಹುದು, ಬೂಸ್ಟು ಹಿಡಿಯಬಹುದು, ಇರುವೆ ಹೊತ್ತೊಯ್ಯಬಹುದು. ಮರಿ ಹಾಕುವುದನ್ನು ಅವಳು ಕೇಳಿರಲಿಲ್ಲ. ಅದರ ಮೇಲೆ, ಆ ಇಪ್ಪತ್ತರಲ್ಲಿ ಒಂದು ಬಾಯಿ ಬಿಟ್ಟಿತ್ತು. ಸೀಳಿನಿಂದ ಅಕ್ಕಿಯ ನುಚ್ಚಿನಷ್ಟು ಬೆಳ್ಳಗಿನ ಬೇರು ಇಣುಕಿತ್ತು. ಎಂಟು ದಿನ ಇದೊಂದನ್ನೇ ಕಾದಿದ್ದಳು. ಈಗ ಬಂದಿದೆ, ಕುಣಿಯಬೇಕೋ ಎಣಿಸಬೇಕೋ ತಿಳಿಯುತ್ತಿಲ್ಲ.

"ಏನೇ ಅದು ಬೆಳಿಗ್ಗೆಯಿಂದ ತಟ್ಟೆ ಕೆರೀತಿದೀಯ?" ಒಳಗಿನ ಮಂಚದಿಂದ ಅಮ್ಮ ಕೂಗಿದಳು. ಊರವರ ಬಾಯಲ್ಲಿ ಮಿಸ್ ಅಡಾಸಾ ಆದ ಅವಳಿಗೆ ತೊಂಬತ್ತೆರಡು. ಕಣ್ಣು ಹೋಗಿದೆ, ಕಿವಿ ಹೋಗಿಲ್ಲ.

"ಬೀಜ ಎಣಿಸ್ತಿದೀನಮ್ಮ. ಹತ್ತೊಂಬತ್ತಿದ್ದದ್ದು ಇಪ್ಪತ್ತಾಗಿದೆ."

"ಶಾಲೇಲೂ ನಿಂದು ಇದೇ ಹಾಡು. ಟೀಚರು ನನ್ನ ಕರೆಸಿ ಉಗಿದಿದ್ಲು."

ಇಯೊನಿ ಮತ್ತೆ ಎಣಿಸಿದಳು. ಅಮ್ಮ ಹೇಳಿದಂತೆ ತನ್ನ ಲೆಕ್ಕವೇ ತಪ್ಪಿದ್ದರೆ ಎಷ್ಟು ಚೆನ್ನ. ಆದರೆ ಆ ಹತ್ತೊಂಬತ್ತನ್ನು ಅವಳು ಮರೆಯುವಂತಿರಲಿಲ್ಲ.

ಊರೆಲ್ಲ ಗೌರವದಿಂದ ಮಾಸ್ ಕ್ಲೀವಿ ಎನ್ನುತ್ತಿದ್ದ ಅವಳ ಅಪ್ಪ ಇಟ್ಟುಹೋದ ಬೀಜಗಳವು. ಫೆಬ್ರವರಿಯಲ್ಲಿ ಮಳೆನೀರಿನ ತೊಟ್ಟಿಯ ಗೋಡೆ ಬಿರುಕು ಬಿಟ್ಟಾಗ ಕಲ್ಲು ಕಿತ್ತಳು. ಬಿಸಿಲು ಎಂದೂ ತಾಗದ ಉತ್ತರದ ಮೈಯಲ್ಲಿ, ಎರಡು ಕಲ್ಲುಗಳ ನಡುವೆ, ಒಂದು ಕೆಮ್ಮಿನ ಔಷಧಿಯ ಸೀಸೆ ಸಿಕ್ಕಿತು. ಬಿರಡೆಯ ಮೇಲೆ ಜೇನುಮೇಣ ಮೆತ್ತಿತ್ತು. ಒಳಗೆ ಅರ್ಧ ಇದ್ದಿಲ ಚೂರು, ಅದರ ಮೇಲೆ ಬಟ್ಟೆಯ ಗಂಟು, ಗಂಟಿನಲ್ಲಿ ಬೀಜ. ಮೂವತ್ತೇಳು ವರ್ಷದ ತೇವವನ್ನೆಲ್ಲ ಇದ್ದಿಲು ಕುಡಿದಿತ್ತೋ ಏನೋ, ಬೀಜಗಳು ಬೆರಳ ನಡುವೆ ಒತ್ತಿದರೂ ಒಡೆಯಲಿಲ್ಲ.

ಆ ಗುಡ್ಡದಲ್ಲಿ ಅಪ್ಪನ ಗಾಂಜಾ ಸೊಪ್ಪಿನ ಬೀಜ ಇನ್ನೆಲ್ಲೂ ಉಳಿದಿರಲಿಲ್ಲ. ಉಳಿಯದ ಹಾಗೆ ಮಾಡಿದವಳು ಇಯೊನಿಯೇ. ಮೂವತ್ತೇಳು ವರ್ಷದ ಹಿಂದೆ, ಅದೇ ಹತ್ತೊಂಬತ್ತರ ಹುಡುಗಿ ಅವಳಾಗ. ಅಪ್ಪ ಪೇಟೆಗೆ ಹೋಗಿದ್ದ, ತಲೆಯ ಮೇಲೆ ಗಾಂಜಾ ಹುಡುಕಿ ಸುಡುವ ಸೈನಿಕರ ಹೆಲಿಕಾಪ್ಟರ್ ಸುತ್ತುತ್ತಿತ್ತು. ಬೀಜದ ಚೀಲವನ್ನು ಒಲೆಗೆ ಸುರಿದುಬಿಟ್ಟಳು. ಅದು ಪಟಪಟ ಸಿಡಿಯುತ್ತಿದ್ದಾಗಲೇ ಹೆಲಿಕಾಪ್ಟರ್ ಆಚೆ ಕಣಿವೆಗೆ ಹೊರಳಿತು. ಸೈನಿಕರು ಇವರ ಮನೆಯ ಕಡೆ ಬರಲೇ ಇಲ್ಲ. ಸಂಜೆ ಅಪ್ಪ ಕೇಳಿದಾಗ, "ಸೈನಿಕರು ಸುಟ್ಟರು" ಎಂದಳು. ಅಪ್ಪ ನಂಬಿದ. ನಂಬಿಕೊಂಡೇ ಸತ್ತ.

ಈಗ ಮನೆಗೆ ಐದು ಗಾಂಜಾ ಗಿಡ ಬೆಳೆಯಲು ಆ ದ್ವೀಪದ ಕಾನೂನೇ ಒಪ್ಪಿದೆ. ಒಂದು, ಒಂದೇ ಒಂದು ಅಪ್ಪನ ಗಿಡ ಅಂಗಳದಲ್ಲಿ ನಿಂತರೆ ಸಾಕು ಎಂದು ಅವಳಿಗೆ ಅನ್ನಿಸಿತ್ತು. ಹಾಗಾದರೆ ಏನಾಗುತ್ತದೆ ಎಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ.

ಹಳೆ ಬೀಜ ಎಬ್ಬಿಸುವ ದಾರಿ ಹೇಳಿಕೊಟ್ಟವನು ಪಕ್ಕದ ತೋಟದ ಮುದುಕ, ಗಾಂಜಾವನ್ನು ಪವಿತ್ರವೆನ್ನುವ ಜಡೆಧಾರಿ ಪಂಥದ ಬೊಂಗೊ ಲಿನ್ವಲ್; ಬೊಂಗೊ ಎಂದರೆ ಆ ಪಂಥದ ಹಿರಿಯ. ಬೆಂಕಿಪೊಟ್ಟಣದ ಒಳಮೈಗೆ ಕಡ್ಡಿ ಗೀರುವ ಪಟ್ಟಿಯನ್ನು ಅಂಟಿಸು, ಬೀಜ ಹಾಕು, ಒಂದು ಕೀರ್ತನೆ ಹೇಳಿ ಮುಗಿಸುವವರೆಗೆ ಕುಲುಕು. ಮುದಿ ಬೀಜದ ತೊಗಟೆ ಗಟ್ಟಿ, ಗೀರದಿದ್ದರೆ ನೀರು ಒಳಗಿಳಿಯುವುದಿಲ್ಲ. ಆಮೇಲೆ ಒಂದು ರಾತ್ರಿ ಮಳೆನೀರಲ್ಲಿ ನೆನೆಹಾಕು, ಹೆಚ್ಚು ಬೇಡ, ಉಸಿರುಗಟ್ಟೀತು. ಬಟ್ಟೆ ಹಿಂಡಿದರೆ ಒಂದೇ ಹನಿ ಬೀಳಬೇಕು. ಸೋರೆಬುರುಡೆಯಲ್ಲಿಟ್ಟು ಒಲೆಯ ಮೇಲಿನ ಹಲಗೆಯಲ್ಲಿಡು, ದಿನಕ್ಕೊಮ್ಮೆ ತೆರೆದು ಗಾಳಿ ತೋರಿಸು. ಅವಳು ಒಂದನ್ನೂ ತಪ್ಪಿಸಿರಲಿಲ್ಲ.

"ಒಳಗಿದೀಯಾ ತಂಗಿ?" ಎನ್ನುತ್ತ ಲಿನ್ವಲ್ ಎಂದಿನಂತೆ ಬೆಳಗಿನ ಪುದೀನ ಚಹಾಕ್ಕೆ ಬಂದ. ಸೊಂಟದವರೆಗಿನ ಜಡೆಯನ್ನು ಟೊಪ್ಪಿಗೆಯೊಳಗೆ ತುರುಕಿ, ಒಲೆಯ ಪಕ್ಕದ ತನ್ನ ದಿಮ್ಮಿಯ ಮೇಲೆ ಕೂತ. ತಟ್ಟೆಗೆ ಬಗ್ಗಿ ನೋಡಿದ. ಮುಖ ಅರಳಿತು.

"ಎದ್ದಿದೆ! ನಮ್ಮ ದೇವ್ರು ಜಾ ದೊಡ್ಡವನು! ನಾ ಹೇಳಿರಲಿಲ್ವಾ, ಕರೆದರೆ ಬರ್ತಾವೆ ಅಂತ?"

"ಕರೆದರೆ ಅಂದ್ರೆ?"

ಲಿನ್ವಲ್ ಚಹಾದ ಲೋಟದೊಳಗೆ ನೋಡಿದ.

"ಬೊಂಗೊ, ಇಪ್ಪತ್ತಿವೆ."

"ಹೂಂ. ಇರ್ತಾವೆ."

"ಇರ್ತಾವೆ ಅಂದ್ರೆ?"

"ಕೋಳಿ ಮೊಟ್ಟೆ ಎಲ್ಲ ತೆಗೆದ್ರೂ ಗೂಡಲ್ಲಿ ಒಂದು ಬಿಡ್ತೀಯ ತಾನೆ? ಅದನ್ನ ನೋಡಿ ಕೋಳಿ ಮತ್ತೆ ಇಡಲಿ ಅಂತ? ಹಂಗೇ. ಮೂವತ್ತೇಳು ವರ್ಷ ಕತ್ತಲಲ್ಲಿ ಮಲಗಿದ್ದೋವು, ಪಾಪ, ಏಳೋದೇ ಮರೆತಿರ್ತಾವೆ. ಮಧ್ಯ ಒಂದು ಜೀವ ಇರೋದು ಇದ್ರೆ ನೋಡ್ಕೊಂಡು ಏಳ್ತಾವೆ ಅಂತ ನಂದೊಂದು ಹಾಕಿದೆ. ಮೊನ್ನೆ ಭಾನುವಾರ. ನೀನು ಅಮ್ಮನ ತಲೆ ಬಾಚ್ತಿದ್ದೆ."

ಇಯೊನಿ ಚಾಕುವನ್ನು ಕೆಳಗಿಟ್ಟಳು. ಕೈಯಲ್ಲಿದ್ದರೆ ಏನಾಗುತ್ತಿತ್ತೋ.

"ಹೇಳೋಕೇನಾಗಿತ್ತು ನಿಂಗೆ?"

"ಹೇಳಿದ್ರೆ ಬೇಡ ಅಂತಿದ್ದೆ."

ಒಳಗಿನಿಂದ ಅಮ್ಮ ಕೂಗಿದಳು: "ಉಪ್ಪು ತಿಂದೋನು ನೀರು ಕುಡೀಬೇಕು. ಇವನು ಉಪ್ಪೇ ಮುಟ್ಟಲ್ವಲ್ಲ, ಇವನಿಗೇನು!"

"ಮಿಸ್ ಅಡಾಸಾ, ನಮ್ಮ ಧರ್ಮದಲ್ಲಿ ಉಪ್ಪಿಲ್ಲ, ಸುಳ್ಳೂ ಇಲ್ಲ," ಎಂದು ಲಿನ್ವಲ್ ನಕ್ಕ. ನಂತರ ಇಯೊನಿಯ ಮುಖ ನೋಡಿ ನಗು ನಿಲ್ಲಿಸಿದ. "ಗಾಬರಿ ಬೇಡ. ನಂದು ಯಾವ್ದು ಅಂತ ಗೊತ್ತಾಗಲಿ ಅಂತ ಉಗುರಲ್ಲಿ ಗೀರು ಹಾಕಿದೀನಿ. ತೆಗೆದುಬಿಟ್ರೆ ಆಯ್ತು."

ಇಬ್ಬರೂ ತಟ್ಟೆಯನ್ನು ಬಾಗಿಲಿನ ಬೆಳಕಿಗೆ ಹಿಡಿದರು. ಬೆಂಕಿಪೊಟ್ಟಣದಲ್ಲಿ ಕುಲುಕಿಸಿಕೊಂಡ ಬೀಜಗಳಲ್ಲಿ ಗೀರಿಲ್ಲದ್ದು ಒಂದೂ ಇರಲಿಲ್ಲ.

ಲಿನ್ವಲ್ ಬಹಳ ಹೊತ್ತು ನೋಡಿದ. "ಹಾಳಾಗ್ಲಿ," ಎಂದ ಮೆಲ್ಲಗೆ. "ಗೀರು ಹಾಕು ಅಂದೋನೂ ನಾನೇ."

"ನಿಂದು ಯಾವಾಗಿನ ಬೀಜ?"

"ಕಳೆದ ಡಿಸೆಂಬರಿಂದು."

ಹಾಗಾದರೆ ಎದ್ದಿರುವುದು ಅವನದೇ. ಹೊಸ ಬೀಜ ಏಳದೆ ಮುದಿ ಬೀಜ ಏಳುತ್ತದೆಯೇ? ಇಯೊನಿ ಬಟ್ಟೆಯನ್ನು ಮಡಚಿದಳು, ಬಿಚ್ಚಿದಳು.

"ಹಂಗೂ ಹೇಳೋಕಾಗಲ್ಲ," ಎಂದ ಲಿನ್ವಲ್. "ಹೋದ ವರ್ಷದ್ದು ಸರಿಯಾಗಿ ಒಣಗೋಕೆ ಮುಂಚೆ ಡಬ್ಬಿಗೆ ಹಾಕ್ಬಿಟ್ಟಿದ್ದೆ. ನಾಲ್ಕರಲ್ಲಿ ಮೂರು ಸತ್ತಿವೆ. ನಿಮ್ಮಪ್ಪ ನೋಡು, ಇದ್ದಿಲು, ಮೇಣ, ತಂಪು ಗೋಡೆ... ಅವನದ್ದೇ ಗಟ್ಟಿ ಇದ್ರೂ ಇರಬಹುದು."

"ಬೇರೆಯವನ್ನ ಕರೆಯೋಕೆ ಸತ್ತಿರೋ ಬೀಜ ಹಾಕಿದ್ಯಾ?"

"ಹಾಕೋವಾಗ ಬದುಕಿದೆ ಅಂದ್ಕೊಂಡೆ, ತಾಯಿ." ಅವನು ಗಡ್ಡ ಕೆರೆದುಕೊಂಡ. "ಇನ್ನೊಂದು ಮಾತು. ನನ್ನ ತೋಟಕ್ಕೆ ಮೊದಲ ಬೀಜ ಕೊಟ್ಟೋನೇ ನಿಮ್ಮಪ್ಪ. ಆಮೇಲೆ ಗಾಳಿ ಎಲ್ಲೆಲ್ಲಿಂದ ಏನೇನು ತಂದು ಬೆರೆಸ್ತೋ ಜಾನೇ ಬಲ್ಲ. ಆದ್ರೂ ಮೂಲ ಅವನದೇ."

ಇಯೊನಿ ಲೆಕ್ಕ ಹಾಕಿದಳು. ಅಂದರೆ ಇದು ಅಪ್ಪನದ್ದು, ಅಥವಾ ಅಪ್ಪನದ್ದಲ್ಲ, ಅಪ್ಪನದ್ದಲ್ಲದಿದ್ದರೂ ಒಂದು ಲೆಕ್ಕಕ್ಕೆ ಅಪ್ಪನದ್ದು. ಬೇರು ಮಾತ್ರ ಇದ್ಯಾವುದರ ಗೊಡವೆಯಿಲ್ಲದೆ ತಟ್ಟೆಯ ಮೇಲೆ ಬೆಳ್ಳಗೆ ಬಾಗಿ ಕೂತಿತ್ತು. ಉಳಿದ ಹತ್ತೊಂಬತ್ತನ್ನು ಅವಳು ಒಂದೊಂದಾಗಿ ಒತ್ತಿ ನೋಡಿದಳು. ಹದಿನೇಳು ಮೆತ್ತಗಾಗಿ ಹಿಸುಕಿದವು. ಎರಡು ಟೊಳ್ಳಾಗಿ ಚಿಟ್ ಎಂದವು.

"ನೆಡು," ಎಂದ ಲಿನ್ವಲ್. "ಬೆಳೀಲಿ."

"ಬೆಳೆದ ಮೇಲೆ ಎಲೆ ನೋಡಿ ಗೊತ್ತಾಗುತ್ತಾ?"

"ಎಲೆ ಎಲ್ಲಾದ್ದೂ ಎಲೇನೇ. ವಾಸನೇಲಿ ಗೊತ್ತಾಗ್ಬೇಕು. ಮಾಗಿದ ಮಾವಿನಹಣ್ಣು, ಒದ್ದೆ ಕಲ್ಲು, ಎರಡೂ ಒಟ್ಟಿಗೆ. ಹಂಗಿತ್ತು ನಿಮ್ಮಪ್ಪಂದು." ಅವನು ಮೂಗು ಉಜ್ಜಿಕೊಂಡ. "ನಂಗೂ ಈಗ ಮೂಗು ಅಷ್ಟಿಲ್ಲ ಅನ್ನು."

ಲಿನ್ವಲ್ ದಿಮ್ಮಿಯನ್ನು ಹತ್ತಿರ ಎಳೆದುಕೊಂಡ, ಒಳಕೋಣೆಯ ಕಡೆ ನೋಡಿ ದನಿ ತಗ್ಗಿಸಿದ.

"ಇಲ್ಲಿ ಕೇಳು. ಆ ಸೊಪ್ಪು ಕಂಡೋರು ಈ ಗುಡ್ಡದಲ್ಲಿ ನಾನೊಬ್ಬನೇ ಉಳಿದಿರೋದು. ಶನಿವಾರ ನಮ್ಮೋರೆಲ್ಲ ಸೇರ್ತಾರೆ. ಇದು ಮಾಸ್ ಕ್ಲೀವಿದೇ ಅಂತ ನಾ ಎದ್ದು ನಿಂತು ಅಂದ್ರೆ ಮುಗೀತು, ಎದುರಾಡೋರು ಯಾರು? ಸೈನಿಕರು ಸುಟ್ಟಿದ್ದು ಮಗಳ ಕೈಲಿ ವಾಪಸ್ ಬಂತು ಅಂತಾರೆ. ನಿಂಗೂ ನೆಮ್ಮದಿ. ನನ್ನ ತಪ್ಪಿಗೂ ಒಂದು ದಾರಿ ಆಗುತ್ತೆ. ಹೇಳ್ಲಾ?"

ಒಲೆಯಲ್ಲಿ, ಅವಳು ಅಂದು ಬೀಜ ಸುರಿದ ಅದೇ ಒಲೆಯಲ್ಲಿ, ಹಸಿ ಕಟ್ಟಿಗೆ ಸುಂಯ್ ಎಂದಿತು. ಇಯೊನಿ ಬೇರಿನ ಬೀಜವನ್ನು ಚಾಕುವಿನ ಮೇಲೆತ್ತಿ ಮಣ್ಣು ತುಂಬಿದ ಡಬ್ಬಿಯೊಳಗೆ ಇಳಿಸಿದಳು, ಬೆರಳಿನಿಂದ ಮಣ್ಣು ಮುಚ್ಚಿದಳು.

"ಬೇಡ," ಎಂದಳು.

"ನಿಮ್ಮಪ್ಪನ ಹೆಸರು ತಂಗಿ—"

"ಬೇಡ ಅಂದ್ನಲ್ಲ, ಬೊಂಗೊ. ಹೇಳ್ಬೇಡ."