ಜಗಳೂರಿನ ಕಿಟಕಿಯಿಂದ ಒಂದು ಗಾಜಿನ ಹಕ್ಕಿ

೧

ಈ ಕಥೆಯ ಮೊದಲ ಸಾಲನ್ನು ಮೂರು ಸಲ ಬರೆದು ಮೂರು ಸಲ ಹೊಡೆದುಹಾಕಿದ್ದೇನೆ. ಒಂದು: 'ಅರ್ಪಿತಾ ನನ್ನ ಜೀವದ ಗೆಳತಿ.' ಇದು ಅರ್ಧ ನಿಜ. ಇನ್ನೊಂದು: 'ನಮ್ಮಪ್ಪ ಒಪ್ಪಿದ್ದರೆ ನಾನೂ ಈಗ ಜರ್ಮನಿಯಲ್ಲಿ ಇರುತ್ತಿದ್ದೆ.' ಇದು ಪೂರ್ತಿ ಸುಳ್ಳು, ಆದರೆ ಎರಡು ವರ್ಷ ಚೆನ್ನಾಗಿ ಓಡಿದ ಸುಳ್ಳು. ಕೊನೆಯದು: 'ನಾನು ಜಗಳೂರಿನ ಒಂದು ಮನೆಯಿಂದ ಗಾಜಿನ ಹಕ್ಕಿ ಕದ್ದೆ.' ಇದು ನಿಜ. ಆದರೆ ಹೀಗೆ ಶುರು ಮಾಡಿದರೆ ಎರಡನೇ ಸಾಲಿಗೇ ನೀವು ನನ್ನ ಮೇಲೆ ತೀರ್ಪು ಕೊಟ್ಟು ಪುಟ ಮಗುಚುತ್ತೀರಿ.

(ಹೇಳಿಯೇಬಿಟ್ಟೆ, ನೋಡಿ. ದಯವಿಟ್ಟು ಮಗುಚಬೇಡಿ.)

೨

ನನ್ನ ಹೆಸರು ಸಂಧ್ಯಾರಾಣಿ. ಊರು ಚನ್ನಗಿರಿ. ಅಪ್ಪಾಜಿ ಹಾಲಸ್ವಾಮಿಯವರದು ಪೇಂಟು, ಮೊಳೆ, ಪೈಪು ಮಾರುವ ಅಂಗಡಿ. ನಾನು ಹೊನ್ನಾಳಿಯ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಅತಿಥಿ ಉಪನ್ಯಾಸಕಿ. ಅತಿಥಿ ಅಂದರೆ, ಕಾಲೇಜು ಶುರುವಾದಾಗ ಕರೆಯುತ್ತಾರೆ, ಪರೀಕ್ಷೆ ಮುಗಿದ ಮೇಲೆ ಮರೆಯುತ್ತಾರೆ.

ಅರ್ಪಿತಾ ಜಗಳೂರಿನವಳು. ಅವರಪ್ಪ ಓಬಣ್ಣ ಲೈನ್‌ಮ್ಯಾನ್, ಅಮ್ಮ ಲಕ್ಷ್ಮೀದೇವಿ ಅಂಗನವಾಡಿ ಟೀಚರ್. ದಾವಣಗೆರೆಯಲ್ಲಿ ಎಂಎಸ್ಸಿ ಓದುವಾಗ ಹಾಸ್ಟೆಲ್ಲಿನಲ್ಲಿ ನಮ್ಮಿಬ್ಬರದು ಒಂದೇ ರೂಮು. ಜರ್ಮನಿಯ ಹುಚ್ಚು ಇದ್ದದ್ದು ನನಗೆ. ಗೋಡೆಗೆ ಯುರೋಪಿನ ಮ್ಯಾಪ್ ಅಂಟಿಸಿದವಳು ನಾನು, ಯೂಟ್ಯೂಬ್ ನೋಡಿ ಜರ್ಮನ್ ಕಲಿತವಳು ನಾನು. ಅವಳು ನನ್ನ ಹಿಂದೆ ನಿಂತು "ಆ ಫಾರಂ ಇನ್ನೊಂದು ಐತೇನೇ?" ಅಂದಳು, ಅಷ್ಟೇ. ಇಬ್ಬರಿಗೂ ಡ್ರೆಸ್ಡೆನ್‌ನಲ್ಲಿ ಇನ್ನೊಂದು ಎಂಎಸ್ಸಿಗೆ ಸೀಟು ಬಂತು. ಅವಳು ಹೋದಳು. ನಾನು ಹೋಗಲಿಲ್ಲ.

ಯಾಕೆ? ಮೊದಲ ಕರಡಿನಲ್ಲಿ ಇಲ್ಲಿ ಹೀಗೆ ಬರೆದಿದ್ದೆ: 'ಹಾಲಸ್ವಾಮಿ ಟೇಬಲ್ಲಿಗೆ ಕೈ ಕುಟ್ಟಿದರು. "ಹೆಣ್ಣುಮಗಳು ಒಬ್ಬಳೇ ಅಷ್ಟು ದೂರನಾ? ಮೊದಲು ಮದುವೆ ಆಗು."'

೨ (ತಿದ್ದಿದ್ದು)

ನೋಟ್‌ಬುಕ್ಕನ್ನು ಊಟದ ಟೇಬಲ್ಲಿನ ಮೇಲೆ ಬಿಟ್ಟು ಸ್ನಾನಕ್ಕೆ ಹೋಗಿದ್ದೆ. ಬರುವಷ್ಟರಲ್ಲಿ ಅಪ್ಪಾಜಿ ಕನ್ನಡಕ ಹಾಕಿಕೊಂಡು ಓದುತ್ತಿದ್ದರು.

"ನಾನು ಹಿಂಗಂದಿದ್ನಾ?"

"ಅದು ಕಥೆ, ಅಪ್ಪಾಜಿ."

"ಕಥೇಲಿ ಹಾಲಸ್ವಾಮಿ ಅಂತಾನೇ ಐತಲ್ಲ."

"ಹೆಸರು ಬದಲಾಯಿಸ್ತೀನಿ ಬಿಡಿ."

"ಹೆಸರು ಇರ್ಲಿ. ಮಾತು ಬದಲಾಯಿಸು."

ಅವರು ರೇಗಲಿಲ್ಲ. ನೋಟ್‌ಬುಕ್ ಮುಚ್ಚಿ, ಅಂಗಡಿ ಬೀಗದಕೈ ತಗೊಂಡು ಹೊರಟರು. ಅಡುಗೆಮನೆಯಿಂದ ಅಮ್ಮ, "ಜನ ಎರಡು ವರ್ಷದಿಂದ ನಿಮ್ಮನ್ನ ಯಾಕೆ ಹಂಗೆ ನೋಡ್ತಾರೆ ಅಂತ ಈಗ ಗೊತ್ತಾತಾ?" ಅಂದಳು. ಅಪ್ಪಾಜಿ ಚಪ್ಪಲಿ ಮೆಟ್ಟಿಕೊಂಡರು.

ಹಾಗಾಗಿ ಮಾತು ಬದಲಾಯಿಸುತ್ತಿದ್ದೇನೆ. ಸೀಟು ಬಂದ ದಿನ ಅಪ್ಪಾಜಿ ಅಂದದ್ದು ಇದು: "ಹೋಗಿ ಬಾ. ಆಗ್ಲಿಲ್ಲ ಅಂದ್ರೆ ವಾಪಸ್ ಬಾ. ಅಂಗಡಿ ಎಲ್ಲಿಗೂ ಹೋಗಲ್ಲ." ವೀಸಾ ಸಂದರ್ಶನಕ್ಕೆ ದಿನ ಗೊತ್ತಾಗಿತ್ತು. ಆ ದಿನ ನಾನು ಹೊಟ್ಟೆನೋವು ಎಂದು ಹೊದ್ದು ಮಲಗಿದೆ. ಹೊಟ್ಟೆ ನೋಯುತ್ತಿರಲಿಲ್ಲ. ಭಯವಾಗಿತ್ತು. ಹಾಲಸ್ವಾಮಿಯವರ ಮಗಳು ಅಂತ ಒಬ್ಬರೂ ಗುರುತು ಹಿಡಿಯದ ಊರಿನಲ್ಲಿ ನಾನು ಯಾರು ಅನ್ನುವ ಭಯ. ಅರ್ಪಿತಾಗೆ ಫೋನಿನಲ್ಲಿ, "ಅಪ್ಪಾಜಿ ಬೇಡ ಅಂದ್ರು ಕಣೇ" ಅಂದೆ. ಅವಳು ಅತ್ತಳು. ನಾನೂ ಅತ್ತೆ. ಸುಳ್ಳಿಗೆ ಅಳುವುದು ಅಷ್ಟು ಸುಲಭ ಅಂತ ಗೊತ್ತಿರಲಿಲ್ಲ. ಆಮೇಲೆ ಊರಲ್ಲಿ ಕೇಳಿದವರಿಗೆಲ್ಲ ಅದೇ ಸುಳ್ಳು ಹೇಳಿದೆ.

೩

ಈಗ ಕ್ರಿಸ್‌ಮಸ್ ವಿಷಯ.

ಅವಳ ಮನೆಯ ಗೋಡೆ ಮೇಲಿರುವುದು ಬುದ್ಧ ಮತ್ತು ಬಾಬಾಸಾಹೇಬರ ಫೋಟೋ. ನಮ್ಮನೆಯಲ್ಲಿ ದಿನಾ ಲಿಂಗಪೂಜೆ. ಕ್ರಿಸ್‌ಮಸ್ ಮರಕ್ಕೆ ಏನೇನು ಕಟ್ಟುತ್ತಾರೆ ಎಂದು ಇಬ್ಬರಿಗೂ ಗೊತ್ತಿರಲಿಲ್ಲ. ಮೊದಲ ಡಿಸೆಂಬರ್‌ನಲ್ಲಿ ಅವಳು ಒಂದು ನಿಯಮ ಮಾಡಿಕೊಂಡಳು: ಯಾವ ಊರಿಗೆ ಹೋದರೂ ಅಲ್ಲಿಯ ಕ್ರಿಸ್‌ಮಸ್ ಸಂತೆಯಿಂದ ಮರಕ್ಕೆ ತೂಗುಹಾಕುವ ಒಂದು ಅಲಂಕಾರ, ಊರಿಗೊಂದೇ. "ಸೂಟ್‌ಕೇಸಲ್ಲಿ ಜಾಗ ಇಲ್ಲ ಕಣೇ. ಇವು ಅಂಗೈಲಿ ಹಿಡಿಸ್ತವೆ." ಡ್ರೆಸ್ಡೆನ್‌ನಿಂದ ಮರದ ನಕ್ಷತ್ರ, ಪ್ರಾಗ್‌ನಿಂದ ಹುಲ್ಲಿನ ಗಂಟೆ. ಒಂದೊಂದರ ಫೋಟೋವೂ ನನ್ನ ಫೋನಿಗೆ ಬರುತ್ತಿತ್ತು. ನಾನು ಒಂದೊಂದಕ್ಕೂ ಹೃದಯದ ಚಿತ್ರ ಒತ್ತಿ, ಫೋನನ್ನು ಬೋರಲು ಹಾಕುತ್ತಿದ್ದೆ.

ಒಂದು ಭಾನುವಾರ ಮಧ್ಯಾಹ್ನ ನಾನು ಮಾಳಿಗೆ ಮೇಲೆ ಒಣಗಿದ ಬಟ್ಟೆ ತೆಗೆಯುತ್ತಿದ್ದಾಗ ವಿಡಿಯೋ ಕಾಲ್ ಬಂತು. ನ್ಯೂರೆಂಬರ್ಗ್. ಕೆಂಪು ಬಿಳಿ ಪಟ್ಟೆಯ ಚಾವಣಿಯ ಗೂಡಂಗಡಿಗಳ ಸಾಲು. ಅರ್ಪಿತಾಳ ಮೂಗಿನ ತುದಿ ಚಳಿಗೆ ಕೆಂಪಾಗಿತ್ತು.

"ಇಲ್ಲಿ ಮೂರು ಇಷ್ಟ ಆಗ್ಯಾವೆ. ನೀನೇ ಆರ್ಸು."

ಒಂದು ಚಿನ್ನದ ಬಣ್ಣದ ಕಾಗದದ ದೇವತೆ. ಒಂದು ಗಾಜಿನ ಗೋಲ, ಒಳಗೆ ಹಿಮ ಬಿದ್ದ ಪುಟ್ಟ ಊರು. ಇನ್ನೊಂದು, ಒಣಹಣ್ಣುಗಳನ್ನು ತಂತಿಗೆ ಪೋಣಿಸಿ ಕೈಕಾಲು ಮಾಡಿದ ಮನುಷ್ಯ, ತಲೆಗೆ ಒಂದು ಅಕ್ರೋಟು. ಯಾರೋ ತಿಂದು ಬಿಟ್ಟಂತೆ ಕಾಣುತ್ತಿತ್ತು.

"ಅಕ್ರೋಟು ತಲೆಯವನು," ಅಂದೆ.

"ನಿಜವಾಗ್ಲೂ?"

"ಅವನೇ ಚೆನ್ನಾಗವ್ನೆ."

ಅವಳು ಅದನ್ನೇ ಕೊಂಡಳು. ಅಂಗಡಿಯ ಅಜ್ಜಿ ಕಾಗದದಲ್ಲಿ ಸುತ್ತಿ ಕೊಟ್ಟಾಗ ಅರ್ಪಿತಾ ಥ್ಯಾಂಕ್ಸ್ ಅನ್ನುವ ಬದಲು ಜರ್ಮನ್ನಿನಲ್ಲಿ "ದಾಂಕೆ" ಅಂದಳು. ಆ 'ದಾಂಕೆ'ಯನ್ನು ಹಾಸ್ಟೆಲ್ಲಿನಲ್ಲಿ ಅವಳಿಗೆ ಕಲಿಸಿದ್ದು ನಾನು. ಒಣಗಿದ ಬಟ್ಟೆಯನ್ನು ಮತ್ತೆ ತಂತಿಗೇ ಹಾಕಿ ಕೆಳಗಿಳಿದೆ.

೪

(ಲೇಖಕಿ ಒಳ್ಳೆಯವಳಾಗಿ ಕಾಣಬೇಕು ಎಂದು ಈ ಭಾಗವನ್ನು ಎರಡು ಸಲ ಕೈಬಿಟ್ಟಿದ್ದೆ.)

ಆಮೇಲಿನ ವಾರ ನಾನು ಸೂಳೆಕೆರೆ ಏರಿ ಮೇಲೆ ನಿಂತು ಇಪ್ಪತ್ತು ಫೋಟೋ ತೆಗೆದೆ. ಒಂದನ್ನು ಆರಿಸಿ, ನೀರು ಇನ್ನಷ್ಟು ನೀಲಿ ಮಾಡಿ, ಸ್ಟೇಟಸ್ ಹಾಕಿದೆ. ನಮ್ಮಲ್ಲೂ ಐತೆ ಅನ್ನುವಂತೆ. ಅವಳು ಐದೇ ನಿಮಿಷದಲ್ಲಿ, "ಅಲ್ಲಿಗೆ ಬರ್ಬೇಕು ಅನ್ನಿಸ್ತೈತೆ ಕಣೇ" ಎಂದು ಬರೆದಳು. ಮನಸ್ಸಿನಿಂದಲೇ ಬರೆದಿದ್ದಳು. ಅದೇ ನನಗೆ ತಡೆಯಲಾಗಲಿಲ್ಲ.

ಸ್ಟಾಫ್ ರೂಮಿನಲ್ಲಿ ನಾನು ಅಂದ ಮಾತನ್ನೂ ಬರೆಯುತ್ತೇನೆ. "ಅವಳಿಗೇನು ಬಿಡ್ರಿ, ಸರ್ಕಾರವೇ ಸ್ಕಾಲರ್‌ಶಿಪ್ ಕೊಟ್ಟು ಕಳಿಸ್ತು." ನ್ಯಾಮತಿಯಿಂದ ಬರುವ ಇಂಗ್ಲಿಷ್ ಮೇಡಂ ಶಿವಲೀಲಾ ಪೇಪರ್ ತಿದ್ದುತ್ತಾ ತಲೆ ಎತ್ತದೆ, "ನಿಮ್ಮ ಬ್ಯಾಚಿಗೆ ಫಸ್ಟ್ ಬಂದವಳೇ ಅಲ್ವೇನ್ರೀ ಅವಳು?" ಅಂದರು. ಹೌದು ಅಂದೆ. ಅವರು ತಿದ್ದುತ್ತಲೇ ಇದ್ದರು. ಆ ದಿನ ನಾನು ಅಲ್ಲಿ ಡಬ್ಬಿ ಬಿಚ್ಚಲಿಲ್ಲ.

೫

ಮಾರ್ಚ್ ರಜೆಗೆ ಅರ್ಪಿತಾ ಊರಿಗೆ ಬಂದಳು. ಅವಳು ವಾಪಸ್ ಹೊರಡುವ ಹಿಂದಿನ ದಿನ ಜಗಳೂರಿಗೆ ಹೋದೆ. ಲಕ್ಷ್ಮೀದೇವಿಯವರು ಬಾಗಿಲಲ್ಲೇ ಕೈ ಹಿಡಿದು ಕಿಟಕಿಯ ಹತ್ತಿರ ಕರೆದುಕೊಂಡು ಹೋದರು. ಕಿಟಕಿಯ ಸರಳುಗಳಿಗೆ ಬಿಳಿ ದಾರದಲ್ಲಿ ಎಲ್ಲವನ್ನೂ ಕಟ್ಟಿದ್ದರು.

"ಇದು ಪ್ರಾಗು. ಹೊಳೆ ಮ್ಯಾಲೆ ಕಲ್ಲಿನ ಸೇತುವೆ ಐತಂತೆ. ಇದು ಡ್ರೆಸ್ಡೆನ್ನು, ನಮ್ಮ ಹುಡುಗಿ ಇರೋ ಊರು. ಅಂಗನವಾಡಿ ಮಕ್ಕಳನ್ನ ಕರ್ಕೊಂಬಂದು ತೋರ್ಸೀನಿ. ಮತ್ತೆ ಇವನು," ಎಂದು ನಡುವಿನ ಸರಳನ್ನು ತೋರಿಸಿದರು. ಅಕ್ರೋಟು ತಲೆಯವನು ಅಲ್ಲಿ ತೂಗುತ್ತಿದ್ದ. "ಇವನನ್ನ ನೀನು ಆರ್ಸಿದ್ದಂತಲ್ಲವ್ವ. ಬಂದೋರಿಗೆಲ್ಲಾ ಹೇಳ್ತೀನಿ, ನಮ್ಮ ಸಂಧ್ಯಾ ಆರ್ಸಿದ್ದು ಅಂತ."

ಅವನ ಪಕ್ಕದಲ್ಲಿ ಒಂದು ಗಾಜಿನ ಹಕ್ಕಿ. ನಸುಗೆಂಪು ಎದೆ, ಗಾಜಿನ ಎಳೆಗಳದೇ ಬಾಲ, ಕಾಲಿನ ಜಾಗದಲ್ಲಿ ಸಿಕ್ಕಿಸುವ ಕ್ಲಿಪ್ಪು. ಇದರ ಫೋಟೋ ನನಗೆ ಬಂದಿರಲಿಲ್ಲ.

"ಇದು ಲೌಶಾ ಅಂತ ಒಂದು ಸಣ್ಣ ಊರು," ಅಂದಳು ಅರ್ಪಿತಾ. "ಗಾಜು ಊದಿ ಇವನ್ನ ಮಾಡೋರ ಊರು. ಒಬ್ಳೇ ರೈಲಲ್ಲಿ ಹೋಗಿದ್ದೆ. ಎಲ್ಲೋ ತಪ್ಪಿ ಇಳಿದೆ. ಸುತ್ತಾ ಹಿಮ, ಒಬ್ರೂ ಇಲ್ಲ. ಬೆಂಚ್ ಮೇಲೆ ಕೂತು ಅತ್ತೆ. ವಾಪಸ್ ಊರಿಗೇ ಹೋಗಿಬಿಡೋಣ ಅನ್ನಿಸ್ತು. ಆಮೇಲೆ ಇನ್ನೊಂದು ರೈಲು ಬಂತು, ಹತ್ತಿದೆ."

ಅಲ್ಲಿಯವರೆಗೆ ನನಗೆ ಅವಳ ಊರುಗಳ ಮೇಲೆ, ಹಿಮದ ಮೇಲೆ, ಕೆಂಪು ಮೂಗಿನ ಮೇಲೆ ಹೊಟ್ಟೆಕಿಚ್ಚಿತ್ತು. ಈಗ ಬೇರೇನೋ ಆಯಿತು. ಭಯ ಒಂದಾದರೂ ನನ್ನದು ಅಂದುಕೊಂಡಿದ್ದೆ. ಅವಳಿಗೆ ಧೈರ್ಯ ಇತ್ತು ಹೋದಳು, ನನಗೆ ಭಯ ಇತ್ತು ಉಳಿದೆ, ಎಂದು ಸಮಾಧಾನ ಮಾಡಿಕೊಂಡಿದ್ದೆ. ಅವಳಿಗೂ ಭಯವಾಗಿತ್ತು. ಆದರೂ ರೈಲು ಹತ್ತಿದ್ದಳು.

ತಾಯಿ ಮಗಳು ತಟ್ಟೆ ಹಾಕಲು ಒಳಗೆ ಹೋದರು. ಅರ್ಪಿತಾಳ ಅಜ್ಜಿ ಉಡಚಮ್ಮ ಮಂಚದ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದ್ದರು. ನಾನು ಕ್ಲಿಪ್ ಬಿಚ್ಚಿದೆ. ಕರ್ಚೀಫಿನಲ್ಲಿ ಸುತ್ತಿ, ಖಾಲಿ ಟಿಫಿನ್ ಡಬ್ಬಿಯಲ್ಲಿಟ್ಟು, ಮುಚ್ಚಳ ಹಾಕಿದೆ. ಆಮೇಲೆ ಒಳಗೆ ಹೋಗಿ ಎರಡು ಸಲ ಹಾಕಿಸಿಕೊಂಡು ಉಂಡೆ.

೬

ಇಲ್ಲಿ ಕಥೆಯನ್ನು ಮುಗಿಸಲು ಎರಡು ದಾರಿ ಇದ್ದವು.

ಮೊದಲನೆಯದರಲ್ಲಿ, ದಾವಣಗೆರೆ ಬಸ್ಸಿನಲ್ಲಿ ಹಕ್ಕಿ ಒಡೆದುಹೋಗುತ್ತದೆ, ನಾನು ಚೂರುಗಳನ್ನು ನೋಡಿ ಪಾಠ ಕಲಿಯುತ್ತೇನೆ. ಆದರೆ ಬಸ್ಸು ಎಷ್ಟು ಕುಲುಕಿದರೂ ಅದು ಒಡೆಯಲಿಲ್ಲ. ಎರಡನೆಯದರಲ್ಲಿ, ಅರ್ಪಿತಾ ಬಾಗಿಲ ಸಂದಿಯಿಂದ ಎಲ್ಲವನ್ನೂ ನೋಡಿರುತ್ತಾಳೆ, ನಕ್ಕು ಕ್ಷಮಿಸುತ್ತಾಳೆ. ಅವಳು ನೋಡಿರಲಿಲ್ಲ. ಅನ್ನ ಬಸಿಯುತ್ತಿದ್ದಳು.

ನಡೆದದ್ದು ಬೇರೆ. ಏಪ್ರಿಲ್ ಮೊದಲಿಗೆ, ವಾಪಸ್ ಡ್ರೆಸ್ಡೆನ್‌ಗೆ ಹೋಗಿದ್ದ ಅವಳು ಫೋನ್ ಮಾಡಿದಳು.

"ಲೌಶಾ ಹಕ್ಕಿ ಹೋಯ್ತಂತೆ ಕಣೇ. ಅಮ್ಮ ಅಜ್ಜಿಗೆ ಸಿಕ್ಕಾಪಟ್ಟೆ ಬೈದಾಳೆ. ಕಣ್ಣು ಕಾಣಲ್ಲ, ಯಾಕೆ ಮುಟ್ಟಾಕೆ ಹೋಗ್ತೀಯ ಅಂತ."

"ಅಜ್ಜಿ ಏನಂದ್ರು?"

"ಎರಡು ದಿನ ನಾನಲ್ಲ ಅಂದ್ಲಂತೆ. ಅಮ್ಮ ಮಾತು ಬಿಟ್ಟಳು. ಆಮೇಲೆ, ಹೌದು, ನಾನೇ ಒಡೆದೆ, ಚೂರು ತಿಪ್ಪೆಗೆ ಹಾಕಿದೆ ಅಂತ ಒಪ್ಕಂಡ್ಲಂತೆ. ಹೋಗ್ಲಿ ಬಿಡು, ವಯಸ್ಸಾಗೈತೆ."

ಅವಳು ಇದನ್ನು ಹೇಳುವಾಗ ಹಕ್ಕಿ ನನ್ನ ಬೀರುವಿನಲ್ಲಿ ಎರಡು ಸೀರೆಗಳ ನಡುವೆ ಇತ್ತು. "ಅಯ್ಯೋ ಪಾಪ," ಅಂದೆ.

೭

ಮರುದಿನವೇ ಹೋದೆ ಎಂದು ಬರೆಯುವ ಆಸೆ. ಹನ್ನೊಂದು ದಿನ ತಡೆದು ಹೋದೆ. ಲಕ್ಷ್ಮೀದೇವಿ ಅಂಗನವಾಡಿಯಲ್ಲಿ ಇರುವ ಹೊತ್ತು ನೋಡಿ ಹೋದೆ. ಉಡಚಮ್ಮ ಒಬ್ಬರೇ ಇದ್ದರು. ಡಬ್ಬಿ ತೆಗೆದು ಹಕ್ಕಿಯನ್ನು ಅವರ ಅಂಗೈಯಲ್ಲಿಟ್ಟೆ. ಅವರು ಅದರ ಬಾಲ ಸವರಿ, ಕ್ಲಿಪ್ ಸವರಿ, ಗುರುತು ಹಿಡಿದರು.

"ನೀನೇನಾ?"

"ನಾನೇ ಅಜ್ಜಿ."

"ನಿಮ್ಮ ಮನ್ಯಾಗೆ ಏನ್ ಕಮ್ಮಿ ಇತ್ತು? ಯಾಕ್ ತಗಂಡ್ ಹೋದೆ?"

"ಹೊಟ್ಟೆ ಉರೀತು."

"ಯಾರ್ ಮ್ಯಾಲೆ?"

"ಅರ್ಪಿತಾ ಮೇಲೆ."

ಅವರು ಹಕ್ಕಿಯ ಬಾಲವನ್ನು ಇನ್ನೊಮ್ಮೆ ಸವರಿದರು. ಆಮೇಲೆ ಅವರ ಮುಖದಲ್ಲಿ ನಾನು ನಿರೀಕ್ಷೆಯೇ ಮಾಡಿರದಂಥ ಒಂದು ನಗೆ ಬಂತು.

"ಚನ್ನಗಿರಿ ಅಂಗಡೇರ ಮಗಳು, ನಮ್ಮ ಹುಡುಗಿ ಮ್ಯಾಲೆ?" ಅಂದರು. "ನಂಗೆ ಗ್ಯಾನ ಬಂದಾಗಿಂದ ನಮ್ಮ ಮನೇರ ಮ್ಯಾಲೆ ಯಾರೂ ಹೊಟ್ಟೆಕಿಚ್ಚು ಪಟ್ಟಿರಲಿಲ್ಲ, ತಾಯಿ. ಅಯ್ಯೋ ಪಾಪ ಅನ್ನೋರು, ಇಲ್ಲ ದೂರ ನಿಲ್ಲು ಅನ್ನೋರು. ಅಷ್ಟೇಯ."

ನಾನು ಹಕ್ಕಿಯನ್ನು ಕಿಟಕಿಗೆ ಸಿಕ್ಕಿಸಲು ಎದ್ದೆ. ಅವರು ನನ್ನ ಮುಂಗೈ ಹಿಡಿದರು.

"ಬ್ಯಾಡ. ತಗಂಡ್ ಹೋಗು."

"ನಾನೇ ಲಕ್ಷ್ಮೀದೇವಮ್ಮನಿಗೆ ಹೇಳ್ತೀನಿ ಅಜ್ಜಿ. ನೀವು ಮಾಡದ ತಪ್ಪು ಯಾಕೆ ಹೊತ್ಕೋಬೇಕು?"

"ಆಕಿ ಬೈದೂ ಆಗೈತೆ, ನಾನು ಒಪ್ಕಂಡೂ ಆಗೈತೆ. ಈಗ ಮತ್ತೆ ಚೆನ್ನಾಗವ್ಳೆ. ದಿನಾ ಕಣ್ಣಿಗೆ ಡ್ರಾಪ್ಸ್ ಹಾಕ್ತಾಳೆ. ಇದು ವಾಪಸ್ ಬಂದ್ರೆ ಆಕಿ ನನ್ ಮುಂದೆ ತಲೆ ತಗ್ಗಿಸ್ಕೊಂಡು ಓಡಾಡ್ಬೇಕು. ಒಂದೇ ಮನ್ಯಾಗೆ ಬಾಳೋರು ನಾವು." ಹಕ್ಕಿಯನ್ನು ನನ್ನ ಡಬ್ಬಿಯೊಳಗೆ ಅವರೇ ಇಟ್ಟು, ಮುಚ್ಚಳವನ್ನು ಒತ್ತಿದರು. "ನಿನ್ ಮನಸ್ಸು ಹಗುರ ಮಾಡ್ಕಳಾಕೆ ನಮ್ಮ ಮನಿ ಕೆಡಿಸ್ಬ್ಯಾಡ."

ಮಜ್ಜಿಗೆ ಕೊಟ್ಟರು. ಕುಡಿದು, ಡಬ್ಬಿ ಹಿಡಿದು ಬಂದೆ.

೮

ಅರ್ಪಿತಾಗೆ ಮಾತ್ರ ಹೇಳಿದೆ. ಹಕ್ಕಿಯ ವಿಷಯ, ಅಜ್ಜಿಯ ವಿಷಯ, ಅಪ್ಪಾಜಿಯ ವಿಷಯ, ಎಲ್ಲ. ಅವಳ ಕಡೆ ಟ್ರಾಮ್ ಹೋದ ಸದ್ದು ಕೇಳಿಸಿತು.

"ಹಕ್ಕಿ ಹಾಳಾಗ್ಲಿ," ಅಂದಳು ಕೊನೆಗೆ. "ನಿಮ್ಮಪ್ಪ ಹೋಗು ಅಂದಿದ್ರಾ?"

"ಹೂಂ."

"ಎರಡು ವರ್ಷ ಅವರನ್ನ ಬೈಕೊಂಡಿದೀನಿ ನಾನು. ಮಾರ್ಚಲ್ಲಿ ದಾವಣಗೆರೇಲಿ ಎದುರಿಗೆ ಸಿಕ್ರು. ನಮಸ್ಕಾರನೂ ಮಾಡ್ಲಿಲ್ಲ."

"ತಪ್ಪಾಯ್ತು ಕಣೇ."

"ಬೆಂಚ್ ಮೇಲೆ ಕೂತು ಅತ್ತೆ ಅಂದ್ನಲ್ಲ, ವಾಪಸ್ ಹೋಗೋಣ ಅನ್ನಿಸ್ತು ಅಂತ. ಹೋಗಾಕೆ ಆಗ್ತಿರ್ಲಿಲ್ಲ ಸಂಧ್ಯಾ. ಆಗ್ಲಿಲ್ಲ ಅಂದ್ರೆ ಬಾ, ಅಂಗಡಿ ಐತೆ ಅನ್ನೋಕೆ ನಮ್ಮನೇಲಿ ಏನೈತೆ? ಹೊಟ್ಟೆನೋವು ಅಂತ ಮಲಗೋಕೆ ನಿಂಗೆ ಆಯ್ತು. ನಂಗೆ ಆಗ್ತಿರ್ಲಿಲ್ಲ. ಹಾಸ್ಟೆಲ್‌ನಿಂದಲೂ ನಿನ್ ಮೇಲೆ ನಂಗೆ ಹೊಟ್ಟೆಕಿಚ್ಚೇ."

(ಇಲ್ಲಿ ನನ್ನದೊಂದು ಒಳ್ಳೆಯ ಉತ್ತರ ಬರೆದುಕೊಳ್ಳಬಹುದು. ನಾಲ್ಕು ದಿನ ಪ್ರಯತ್ನಿಸಿದೆ. ಬರೆದದ್ದೆಲ್ಲ ನನ್ನನ್ನೇ ಚೆನ್ನಾಗಿ ಕಾಣಿಸಿತು.) ಅಮ್ಮನಿಗೆ ಹೇಳಬೇಡ, ಅಜ್ಜಿ ಹೇಳಿದಂತೆ ಇರಲಿ ಎಂದು ಹೇಳಿ ಅವಳು ಫೋನ್ ಇಟ್ಟಳು.

೯

ಲಕ್ಷ್ಮೀದೇವಿಯವರು ಕೈಗೆ ಸಿಕ್ಕ ಕನ್ನಡವನ್ನೆಲ್ಲಾ ಓದುವ ಹೆಂಗಸು. ಇದು ಅಚ್ಚಾದರೆ ಒಂದು ದಿನ ಅವರ ಕೈಗೂ ಹೋಗುತ್ತದೆ. ಹೋಗಲಿ ಎಂದು ಬರೆದೆನೋ, ಹೋದೀತು ಎಂದು ಹೆದರುತ್ತಲೇ ಬರೆದೆನೋ, ನನಗೇ ಸ್ಪಷ್ಟವಿಲ್ಲ. ನಿಮಗೆ ಸ್ಪಷ್ಟವಾಗಿದ್ದರೆ ನನಗೆ ತಿಳಿಸಬೇಡಿ.

ಅರ್ಪಿತಾ ಮೂರು ವಾರ ಮಾತಾಡಲಿಲ್ಲ. ನಿನ್ನೆ ಬೆಳಿಗ್ಗೆ ಹೊನ್ನಾಳಿ ಬಸ್ಸಿನಲ್ಲಿದ್ದಾಗ ಅವಳ ಮೆಸೇಜ್ ಬಂತು. ನನಗಲ್ಲ, ಹಾಸ್ಟೆಲ್ ಗೆಳತಿಯರ ಗ್ರೂಪಿಗೆ. ಅಲ್ಲೇ ಪಿಎಚ್‌ಡಿಗೆ ಸೀಟು ಸಿಕ್ಕಿದೆ, ಇನ್ನೂ ನಾಲ್ಕು ವರ್ಷ. ಎಲ್ಲರಿಗಿಂತ ಮೊದಲು ನಾನೇ ಅಭಿನಂದನೆ ಹೇಳಿದೆ. ಖುಷಿಯೂ ಆಗಿತ್ತು, ಅದು ಸುಳ್ಳಲ್ಲ. ಫೋನನ್ನು ಚೀಲಕ್ಕೆ ಹಾಕಿ ಕಿಟಕಿಯ ಹೊರಗೆ ನೋಡುತ್ತಾ ಕೂತೆ. ಹೊಟ್ಟೆ ಉರಿಯಿತು. ಉರಿಯಲಿಲ್ಲ ಎಂದು ಬರೆದಿದ್ದರೆ ಕಥೆ ಇಲ್ಲಿಗೆ ಚೆನ್ನಾಗಿ ಮುಗಿಯುತ್ತಿತ್ತು, ಇನ್ನೊಂದು ಸುಳ್ಳಿನಲ್ಲಿ.