ತೂಕದ ಹಲಗೆ ಹತ್ತಿದ ಅಣ್ಣ

ಬೇಟೆಯ ಋತು ಮುಗಿಯಲು ಒಂದೇ ಗಂಟೆ ಉಳಿದಿತ್ತು. ತೂಕದ ಶೆಡ್ಡಿನಲ್ಲಿ ತಂಗಿ ಕೈಗವಸು ಕಳಚದೆ ನಿಂತಿದ್ದಳು. ಹೊಡೆದ ಪ್ರತಿ ಜಿಂಕೆಯೂ ಇಲ್ಲಿಗೆ ಬರಲೇಬೇಕು. ಹಲ್ಲು ನೋಡಿ ಅದರ ವಯಸ್ಸು ಹೇಳುವುದು, ತೂಕ ಬರೆದಿಡುವುದು ಹನ್ನೊಂದು ವರ್ಷದಿಂದ ಅವಳ ಕೆಲಸ.

ಜಿಂಕೆಗಳು ವರ್ಷದಿಂದ ವರ್ಷಕ್ಕೆ ಬಡಕಲಾಗುತ್ತಿವೆ ಎಂದು ಮೊದಲು ಕಂಡುಕೊಂಡವಳೂ ಅವಳೇ. ಗಂಡನ್ನು ಮಾತ್ರ ಹೊಡೆಯಬೇಕೆಂಬ ಹಳೆಯ ನಿಯಮದಿಂದ ಹೆಣ್ಣು ಜಿಂಕೆಗಳು ಹೆಚ್ಚಿ, ಮಂದೆ ಬೆಳೆದು, ಕಾಡಿನಲ್ಲಿ ತಿನ್ನಲು ಒಂದು ಚಿಗುರೂ ಉಳಿದಿರಲಿಲ್ಲ. ಹೆಣ್ಣನ್ನೂ ಹೊಡೆಯಲು ಬಿಡಿ, ಒತ್ತಾದ ಮರಗಳನ್ನು ಅಲ್ಲಲ್ಲಿ ಕಡಿದು ನೆಲಕ್ಕೆ ಬಿಸಿಲು ಬೀಳಿಸಿ ಎಂದು ಅವಳು ಹಟ ಹಿಡಿದಾಗ ಬೇಟೆಗಾರರೆಲ್ಲ ಉರಿದುಬಿದ್ದರು. ಎಲ್ಲರಿಗಿಂತ ಜೋರಾಗಿ ಕೂಗಾಡಿದವನು ಅವರ ಸಂಘದ ಅಧ್ಯಕ್ಷ, ಅಂದರೆ ಅವಳ ಒಡಹುಟ್ಟಿದ ಅಣ್ಣ.

"ಹಲ್ಲು ಎಣಿಸೋಳು ನಮಗೆ ಕಾಡು ಕಲಿಸ್ತಾಳಾ?" ಎಂದಿದ್ದ.

ಆ ಮಾತು ಅವಳ ಎದೆಯಲ್ಲಿ ಮುಳ್ಳಾಗಿ ಕೂತಿತ್ತು. ಕೊನೆಗೆ ಮೂರು ವರ್ಷ ಹೊಸ ನಿಯಮ ನಡೆಸಿ ನೋಡುವುದೆಂದಾಯಿತು. ಒಂದೂವರೆ ವರ್ಷದ ಗಂಡುಗಳ ಸರಾಸರಿ ತೂಕ ಏರಿದೆಯೆಂದು ಸಂಘ ಒಪ್ಪಿ ಸಹಿ ಹಾಕಬೇಕು, ಇಲ್ಲವಾದರೆ ಮತ್ತೆ ಹಳೆಯದೇ ಗತಿ. ಗಡುವು ಇವತ್ತಿಗೆ. ಮೂವತ್ತೆಂಟು ಕಿಲೋ ಇದ್ದದ್ದು ಈಗ ನಲವತ್ತಾರು.

ಕೊನೆಯ ಜಿಂಕೆ ತಂದವನು ಅಣ್ಣನೇ. ಜೊತೆಗೆ ಅತ್ತಿಗೆಯೂ ಇದ್ದಳು. ತಂಗಿ ದವಡೆ ಬಿಡಿಸಿ ನೋಡಿ, "ಗಂಡು, ಒಂದೂವರೆ ವರ್ಷ" ಎಂದಳು. ಹಲಗೆಗೇರಿಸಿದಾಗ ತೂಕದ ಯಂತ್ರದ ಮುಳ್ಳು ಐವತ್ತಕ್ಕೆ ಹೋಗಿ ನಿಂತಿತು.

"ಸಾಧ್ಯಾನೇ ಇಲ್ಲ. ನಿನ್ನ ಯಂತ್ರ ಕೆಟ್ಟಿದೆ," ಎಂದ ಅಣ್ಣ. "ಮೂರು ವರ್ಷದಿಂದ ಸುಳ್ಳು ಹೇಳ್ತಾ ಇದೆ."

"ಹಾಗಾದ್ರೆ ನೀನೇ ಹತ್ತು. ನಿನ್ನ ತೂಕ ನಿನಗೆ ಗೊತ್ತಲ್ಲ."

ಶೆಡ್ಡಿನಲ್ಲಿ ನೆರೆದಿದ್ದ ಬೇಟೆಗಾರರೆಲ್ಲ ನೋಡುತ್ತಿದ್ದರು. ಅಣ್ಣ ಮುಖ ಊದಿಸಿಕೊಂಡು ಹಲಗೆ ಹತ್ತಿದ. ನೂರಾ ನಾಲ್ಕು.

"ನನ್ನ ಹತ್ರ ತೊಂಬತ್ತು ಅಂದಿದ್ರಿ!" ಅತ್ತಿಗೆ ಸೊಂಟಕ್ಕೆ ಕೈಯಿಟ್ಟಳು.

ಅಣ್ಣ ಸಿಕ್ಕಿಬಿದ್ದಿದ್ದ. ಯಂತ್ರ ಕೆಟ್ಟಿದೆ ಎಂದರೆ ಮನೆಯಲ್ಲಿ ಬಚಾವು; ಸರಿಯಿದೆ ಎಂದರೆ ತಂಗಿಯ ಲೆಕ್ಕವೂ ಸರಿ. ಒಮ್ಮೆ ಹೆಂಡತಿಯನ್ನು ನೋಡಿದ, ಒಮ್ಮೆ ನೆಣ ತುಂಬಿದ ಆ ಜಿಂಕೆಯ ಬೆನ್ನನ್ನು. ತಂಗಿ ಒಪ್ಪಿಗೆ ಪತ್ರವನ್ನೂ ಪೆನ್ನನ್ನೂ ಅವನ ಮುಂದೆ ಹಿಡಿದಳು.

"ಹೋದ ವಾರ ಡಾಕ್ಟರ ಹತ್ರಾನೂ ಇಷ್ಟೇ ಇತ್ತು," ಎಂದ ಕೊನೆಗೆ. "ಯಂತ್ರ ಸರಿಯಾಗಿದೆ."

ಶೆಡ್ಡಿನ ತಗಡು ಹಾರಿಹೋಗುವ ಹಾಗೆ ನಗು ಎದ್ದಿತು. ಅಣ್ಣ ಇಳಿದು, ಯಾರ ಮುಖವನ್ನೂ ನೋಡದೆ, ಒಪ್ಪಿಗೆ ಪತ್ರಕ್ಕೆ ಸಹಿ ಜಡಿದ.

"ಕಾಡನ್ನ ಇನ್ಮೇಲೆ ನೀನೇ ನೋಡ್ಕೋ," ಎಂದು ಪೆನ್ನು ಅವಳ ಕೈಗಿಟ್ಟ. "ನನ್ನನ್ನ ಇವಳು ನೋಡ್ಕೋತಾಳೆ."