ಉಸಿರಿಗೆ ಬಿಟ್ಟ ಜಾಗ

ಆಕಾಶವಾಣಿಯಿಂದ ವಚನ ಗಾಯನದ ಧ್ವನಿಪರೀಕ್ಷೆಗೆ ಕರೆ ಬಂದ ದಿನ ಅವ್ವ ನನ್ನ ಅಕ್ಕ ದಾನಕ್ಕನ ಕ್ಯಾಸೆಟ್ಟನ್ನು ತಂದು ನನ್ನ ಕೈಗಿಟ್ಟಳು. “ಇದಕ್ಕ ಹಾಡಿ ತಯಾರಾಗು ಹೊನ್ನಿ.”

ಅಕ್ಕ ಕಾಮಣಿ ಬ್ಯಾನಿಯಾಗಿ ತೀರಿಕೊಂಡಿದ್ದು ಹೋದ ವರ್ಷ. ಕ್ಯಾಸೆಟ್ಟಿನಲ್ಲಿ ಆಕೆಯ ಹಾಡಿಲ್ಲ. ಹಾನಗಲ್ಲಿನಿಂದ ದಿನಾ ಬಸ್ಸು ಹತ್ತಿ ಬರುವುದು ಬ್ಯಾಡವೆಂದು ಅಕ್ಕಿಆಲೂರಿನ ಕರಿಬಸಪ್ಪ ಮಾಸ್ತರು ಆಕೆಯ ರಿಯಾಜಿಗೆ ತುಂಬಿಕೊಟ್ಟ ಬರೀ ಹಾರ್ಮೋನಿಯಂ ಪೇಟಿಯ ಸಾಥ್ ಅದು. ನುಡಿಸುವಾಗ ಅಕ್ಕ ಎದುರಿಗೆ ಕೂತು ಮನಸ್ಸಿನಲ್ಲೇ ಹಾಡಿಕೊಂಡಿದ್ದಳಂತೆ. ಆಕೆ ಉಸಿರು ತೆಗೆದುಕೊಳ್ಳುವಲ್ಲೆಲ್ಲ ಮಾಸ್ತರು ಪೇಟಿ ತಡೆದಿದ್ದಾರೆ. ಆ ತಡೆದ ಜಾಗದಲ್ಲಿ ಕಿವಿಗೊಟ್ಟರೆ, ಮೂಗಿನಿಂದ ಸಣ್ಣಗೆ ಉಸಿರು ಒಳಗೆಳೆದುಕೊಳ್ಳುವ ಸದ್ದು. ಆಕೆಯದೆಂದು ಉಳಿದ ದನಿ ಅದಷ್ಟೇ.

ಅಕ್ಕ ಹಾಡುತ್ತಿದ್ದ ಶ್ರುತಿ ಪೇಟಿಯ ಕಪ್ಪು ಐದರ ಪಟ್ಟಿ. ನನಗೆ ಅದು ಎತ್ತರ. ಮೇಲಿನ ಸ್ವರಕ್ಕೆ ಹೋದರೆ ದನಿ ಒಡೆಯುತ್ತಿತ್ತು. ಅದಕ್ಕಿಂತ ಹೆಚ್ಚಿನ ಹೆದರಿಕೆಯೆಂದರೆ, ಪ್ರತಿ ಸಾಲಿಗೂ ಮೊದಲು ಅಕ್ಕ ಉಸಿರೆಳೆಯುವಳು, ಆಕೆಯ ಬೆನ್ನಿಗೆ ನಾನು. ಒಮ್ಮೊಮ್ಮೆ ಯಾರದು ಯಾವುದೆಂದು ನನಗೇ ತಿಳಿಯುತ್ತಿರಲಿಲ್ಲ. ಆದರೂ ಆ ಕ್ಯಾಸೆಟ್ಟು ಹಚ್ಚಿದಾಗ ಮಾತ್ರ ಅವ್ವ ಕೆಲಸ ಬಿಟ್ಟು ಬಂದು ಕೂಡುತ್ತಿದ್ದಳು. ಕಣ್ಣು ಟೇಪಿನ ಮೇಲೆ, ನನ್ನ ಮೇಲಲ್ಲ. ನಾನೊಬ್ಬಳೇ ಹಾಡಿದರೆ ಅಡಿಗೆಮನೆಯಿಂದ ಹೊರಗೆ ಬರುತ್ತಿರಲಿಲ್ಲ.

ಕಡೆಗೆ ಮಾಸ್ತರ ಹತ್ತಿರ ಹೋಗಿ ಆ ಕ್ಯಾಸೆಟ್ಟಿಗೇ ಹಾಡಿದೆ.

“ಯಾರು ಹಾಡಾಕತ್ತಾರವ್ವ ಇದು?”

“ನಾನರಿ, ಮಾಸ್ತರ.”

“ಹೋಗ, ಸುಳ್ಳಿ. ದಾನವ್ವನ ಚಪ್ಪಲಿ ಮೆಟ್ಟಿಕೊಂಡು ಬಂದಿ. ಕಚ್ಚಾಕತ್ತಾವು, ಆದರೂ ಬಿಡವಲ್ಲಿ.”

“ಅವ್ವ ಅಕ್ಕನ ಕ್ಯಾಸೆಟ್ಟಿಗಷ್ಟ ಬಂದು ಕೂಡ್ತಾಳ್ರಿ.”

ಅವರು ಪೇಟಿಯನ್ನು ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ, “ರೇಡಿಯೋದವರು ಹೆಸರು ಕೂಗಿದರ ಯಾರು ಎದ್ದು ಹೋಗವರು?” ಅಂದು ನನಗೆ ತುಂಬಿಕೊಡಲು ಹೊಸ ಕ್ಯಾಸೆಟ್ಟು ಹಾಕಿದರು. ನನ್ನ ದನಿಗೆ ತಕ್ಕಂತೆ ಇಳಿಸಿ, ಕಪ್ಪು ಮೂರು. ನಾನು ಎದುರಿಗೆ ಕೂತೆ.

ಮರುದಿನ ಮಧ್ಯಾಹ್ನ ಎರಡನ್ನೂ ಮುಂದಿಟ್ಟುಕೊಂಡೆ. ಅಕ್ಕನದನ್ನು ಮುಟ್ಟಿದೆ, ಬಿಟ್ಟೆ. ನನ್ನದನ್ನು ಹಚ್ಚಿದೆ. ಅಡಿಗೆಮನೆಯಲ್ಲಿ ಮೊರದ ಸದ್ದು ನಿಂತಿತು. ಅವ್ವ ಬಾಗಿಲಿಗೆ ಬಂದಳು.

“ಇದ್ಯಾವುದು?”

“ಮಾಸ್ತರು ನನಗಂತ ತುಂಬಿ ಕೊಟ್ಟಾರವ್ವ. ಅಕ್ಕಂದು ನನಗ ನಿಲುಕವಲ್ದು.”

ಹೊರಳಿ ಹೋಗುತ್ತಾಳೆಂದುಕೊಂಡೆ. ಅವ್ವ ಅಕ್ಕನ ಕ್ಯಾಸೆಟ್ಟನ್ನು ಎತ್ತಿ ಉಡಿಯಲ್ಲಿಟ್ಟುಕೊಂಡು ಟೇಪಿನ ಹತ್ತಿರ ಬಗ್ಗಿದಳು. ಪೇಟಿ ತಡೆದಲ್ಲಿ ಉಸಿರಿನ ಸದ್ದು ಬಂತು, ಬಾಯಿಂದ ಎಳೆದುಕೊಂಡದ್ದು.

“ಹೌದು, ನೀನ,” ಅಂದಳು. “ಸಣ್ಣಾಕಿದ್ದಾಗಿಂದ ಬಾಯಿ ತೆರಕೊಂಡ ಮಲಗ್ತಿದ್ದಿ. ನೊಣ ಹೊಕ್ಕಾವು ಅಂತ ದಾನಿ ಸೆರಗು ಹೊಚ್ಚತಿದ್ದಳು.” ಕೂತಳು. ಈ ಸಲ ನನ್ನನ್ನೇ ನೋಡಿದಳು. “ಹಾಡು.”

ಹಾಡಿದೆ. ದನಿ ಒಡೆಯಲಿಲ್ಲ. ಕಡೆಯ ಸಾಲಿಗೆ ಮೊದಲು ಪೇಟಿ ಉದ್ದಕ್ಕೆ ತಡೆಯುವ ಜಾಗ ಬಂತು. ನಾನಿನ್ನೂ ಬಾಯಿ ತೆರೆದಿರಲಿಲ್ಲ. ಮಗ್ಗುಲಲ್ಲೇ, ಮೂಗಿನಿಂದ, ಸಣ್ಣಗೆ, ಉಸಿರು ಒಳಗೆಳೆದುಕೊಂಡ ಸದ್ದು.

ಓಡುತ್ತಿದ್ದುದು ನನ್ನ ಕ್ಯಾಸೆಟ್ಟು. ಅಕ್ಕನದು ಅವ್ವನ ಉಡಿಯಲ್ಲಿತ್ತು.

ಹೊರಳಿ ನೋಡಿದೆ. ಅವ್ವ ಕಣ್ಣು ಮುಚ್ಚಿ, ತುಟಿ ಬಿಗಿದು, ಎಳೆದ ಉಸಿರನ್ನು ಎದೆಯಲ್ಲಿ ಹಿಡಿದುಕೊಂಡು ನಾನು ಶುರುಮಾಡುವುದನ್ನೇ ಕಾಯುತ್ತಿದ್ದಳು. ಅಕ್ಕನಿಗೆ ಆ ಉಸಿರು ಎಲ್ಲಿಂದ ಬಂದಿತ್ತೆಂದು ಈವರೆಗೆ ನನ್ನ ಕಿವಿಗೆ ಬಿದ್ದೇ ಇರಲಿಲ್ಲ.

ಪೇಟಿ ಕಡೆಯ ಸಾಲಿಗೆ ಬಂದಿತ್ತು. ನಾನು ಬಾಯಿ ತೆರೆದು ಉಸಿರೆಳೆದುಕೊಂಡೆ.